ಬಿಡುಗಡೆಗೆ ಸಿದ್ಧ ಎಂದರೇನು? ದ್ರಾಕ್ಷಿ ತೋಟದ ಲೆಕ್ಕ, ಕಂಪನಿಯ ಲೆಕ್ಕ

ದ್ರಾಕ್ಷಿ ಬೆಳೆಗಾರನಿಗೆ ವರ್ಷಕ್ಕೆ ಒಂದೇ ಫಸಲು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ತೋಟಗಳಲ್ಲಿ ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ ಇನ್ನೊಂದು ಚಾಟ್ನಿ ನಡೆಯುತ್ತದೆ. ಎರಡನೆಯ ಚಾಟ್ನಿಯಾದ ಸುಮಾರು ನಾಲ್ಕು ತಿಂಗಳಿಗೆ ಗೊನೆ ಕೈಗೆ ಬರುತ್ತದೆ. ಈ ನಡುವೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದರೆ, ರೋಗ ತಡೆಯುವ ಸಿಂಪಡಣೆ ಎರಡು ದಿನ ತಡವಾದರೆ, ವರ್ಷದ ದುಡಿಮೆಯೇ ಕೈತಪ್ಪುವ ಸಂಭವವಿದೆ. ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ಅಕ್ಟೋಬರ್‌ವರೆಗೆ ಕಾಯಬೇಕು.

ಅದೇ ಹನ್ನೆರಡು ತಿಂಗಳ ಅವಧಿಯಲ್ಲಿ ಬೆಂಗಳೂರಿನ ತಂತ್ರಾಂಶ ಕಂಪನಿಯೊಂದು ತನ್ನ ಆ್ಯಪ್‌ನ ಹತ್ತಾರು ಆವೃತ್ತಿಗಳನ್ನು ಹೊರತರುತ್ತದೆ. ಸೋಮವಾರ ಕಂಡ ದೋಷ ಶುಕ್ರವಾರದ ಹೊತ್ತಿಗೆ ಸರಿಯಾಗಿರುತ್ತದೆ. ಅಪೂರ್ಣವಾದುದನ್ನು ಬೇಗ ಬಿಡುಗಡೆ ಮಾಡಿ, ಬಳಕೆದಾರರ ದೂರುಗಳನ್ನು ನೋಡುತ್ತ ತಿದ್ದುವ ಪದ್ಧತಿ ಹುಟ್ಟಿದ್ದೇ ಇಂಥ ವಾತಾವರಣದಲ್ಲಿ. ಈಗ ಆ ಪದ್ಧತಿಯಲ್ಲಿ ಪಳಗಿದವರು ತಯಾರಿಸಿದ ಮಣ್ಣಿನ ತೇವಾಂಶ ಮಾಪಕ, ತೋಟದೊಳಗಿನ ಹವಾಮಾನ ಯಂತ್ರ, ರೋಗ ಮುನ್ಸೂಚನೆಯ ಆ್ಯಪ್‌ಗಳು ದ್ರಾಕ್ಷಿ ತೋಟಕ್ಕೂ ಬರುತ್ತಿವೆ. ಸರ್ಕಾರದ ಬೆಳೆ ಸಮೀಕ್ಷೆ, ಆಸ್ತಿ ದಾಖಲೆ, ನೋಂದಣಿ ಸೇವೆಗಳೂ ತಂತ್ರಾಂಶದ ರೂಪದಲ್ಲೇ ಜನರನ್ನು ತಲುಪುತ್ತಿವೆ. ಹೀಗಿರುವಾಗ ಒಂದು ಉತ್ಪನ್ನದ ಮೊದಲ ಆವೃತ್ತಿ ಯಾವಾಗ ಬಿಡುಗಡೆಗೆ ಸಿದ್ಧವಾಯಿತು ಎಂದು ನಿರ್ಧರಿಸುವುದು ಹೇಗೆ ಎಂಬ ಪ್ರಶ್ನೆ ಕಂಪನಿಗಳ ಸಭಾಂಗಣದೊಳಗಿನ ಪ್ರಶ್ನೆಯಾಗಿ ಉಳಿದಿಲ್ಲ.

ಸಾಮಾನ್ಯವಾಗಿ ಈ ನಿರ್ಧಾರಕ್ಕೆ ಎರಡು ಅಳತೆಗೋಲುಗಳು ಬಳಕೆಯಲ್ಲಿವೆ. ಒಂದು, ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂಬುದು. ಇನ್ನೊಂದು, ದಿನಾಂಕ: ಹೂಡಿಕೆದಾರರ ಸಭೆ, ಸ್ವಾತಂತ್ರ್ಯ ದಿನ, ಬಜೆಟ್ ಅಥವಾ ಚುನಾವಣೆ. ಎರಡೂ ತಯಾರಕನ ಅನುಕೂಲವನ್ನು ಅಳೆಯುತ್ತವೆ. ವಸ್ತು ಕೈಕೊಟ್ಟರೆ ಅದನ್ನು ನಂಬಿದವನ ಗತಿ ಏನು, ಅವನು ಮೊದಲಿದ್ದ ಸ್ಥಿತಿಗೆ ಮರಳಬಲ್ಲನೇ ಎಂಬುದನ್ನು ಇವೆರಡೂ ಕೇಳುವುದಿಲ್ಲ. ಕರ್ನಾಟಕದಲ್ಲಿ ಕಳೆದ 25 ವರ್ಷಗಳಲ್ಲಿ ಬಿಡುಗಡೆಯಾದ ಕೆಲವು ವಸ್ತು ಮತ್ತು ಸೇವೆಗಳ ಚರಿತ್ರೆಯನ್ನು ಗಮನಿಸಿದರೆ, ಕೇಳದೆ ಬಿಟ್ಟ ಈ ಪ್ರಶ್ನೆಯೇ ನಿರ್ಣಾಯಕವೆಂಬುದು ಸ್ಪಷ್ಟವಾಗುತ್ತದೆ.

ಕಾದು ಸೊರಗಿದ ಸಿಂಪ್ಯೂಟರ್

ತಡಮಾಡುವುದರಿಂದಲೂ ನಷ್ಟವಿದೆ ಎಂಬುದಕ್ಕೆ ಸಿಂಪ್ಯೂಟರ್ ಉತ್ತಮ ನಿದರ್ಶನ. ಅಕ್ಷರ ಬಾರದವರೂ ಬಳಸಬಹುದಾದ, ಅಂಗೈಯಲ್ಲಿ ಹಿಡಿಯುವ ಅಗ್ಗದ ಗಣಕಯಂತ್ರದ ಕಲ್ಪನೆ ಮೂಡಿದ್ದು 1998ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಈ ಯಂತ್ರದ ಮಾದರಿಯನ್ನು 2001ರ ಏಪ್ರಿಲ್‌ನಲ್ಲಿ ಪ್ರದರ್ಶಿಸಿದಾಗ ಜಗತ್ತಿನ ಪತ್ರಿಕೆಗಳು ಅದನ್ನು ಕೊಂಡಾಡಿದವು. ಆದರೆ ಪಿಕೋಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ 'ಅಮಿಡಾ' ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು 2004ರ ಏಪ್ರಿಲ್‌ನಲ್ಲಿ.

ಆ ಮೂರು ವರ್ಷಗಳಲ್ಲಿ ದೇಶದ ಸಂಪರ್ಕ ವ್ಯವಸ್ಥೆಯ ಚಿತ್ರವೇ ಬದಲಾಗಿತ್ತು. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಫೋನ್ ನೀಡುವ ಯೋಜನೆ ಪ್ರಕಟಿಸಿತು. ಹಳ್ಳಿಯವನ ಕೈಗೆ ಸಿಂಪ್ಯೂಟರ್‌ಗಿಂತ ಮೊದಲು ಫೋನ್ ಬಂತು. ಅಮಿಡಾ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬೆಲೆ, ಮಾರಾಟ ಜಾಲ, ಬಂಡವಾಳ ಹೀಗೆ ಕಾರಣಗಳು ಹಲವು. ಆದರೂ ಸಿಂಪ್ಯೂಟರ್ ಕೈಕೊಟ್ಟರೆ ಬಳಕೆದಾರನ ಬೆಳೆ ಹಾಳಾಗುತ್ತಿರಲಿಲ್ಲ, ಜೀವಕ್ಕೆ ಅಪಾಯವಿರಲಿಲ್ಲ ಎಂಬ ಅಂಶ ಗಮನಾರ್ಹ. ಕೆಟ್ಟರೆ ಬದಿಗಿಟ್ಟು ಹಳೆಯ ಕಾಗದ-ಪೆನ್ಸಿಲ್‌ಗೆ ಮರಳಬಹುದಾಗಿತ್ತು. ಇಂಥ ವಸ್ತುವನ್ನು ಒಂದೇ ಒಂದು ಕೆಲಸಕ್ಕೆ, ಒಂದೇ ಒಂದು ತಾಲ್ಲೂಕಿನಲ್ಲಿ ಬೇಗ ಬಳಕೆಗೆ ಬಿಟ್ಟಿದ್ದರೆ ಜನಕ್ಕೆ ಏನು ಬೇಕೆಂಬುದು ತಯಾರಕರಿಗೆ ಮೂರು ವರ್ಷ ಮೊದಲೇ ತಿಳಿಯುತ್ತಿತ್ತು. ತಪ್ಪಿನ ಬೆಲೆ ಕಡಿಮೆಯಿರುವಲ್ಲಿ ಪರಿಪೂರ್ಣತೆಗಾಗಿ ಕಾಯುವುದು ದುಬಾರಿ.

ಎರಡು ಸ್ಕೂಟರ್, ಎರಡು ದಾರಿ

ತಪ್ಪಿನ ಬೆಲೆ ಹೆಚ್ಚಾಗಿರುವಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಬೆಂಗಳೂರಿನ ಎರಡು ವಿದ್ಯುತ್ ಸ್ಕೂಟರ್ ಕಂಪನಿಗಳು ಇದಕ್ಕೆ ಉದಾಹರಣೆ. ಏಥರ್ ಎನರ್ಜಿ ತನ್ನ ಮೊದಲ ಸ್ಕೂಟರನ್ನು 2016ರ ಫೆಬ್ರುವರಿಯಲ್ಲಿ ಪ್ರದರ್ಶಿಸಿತು; ಮಾರುಕಟ್ಟೆಗೆ ಬಿಟ್ಟದ್ದು 2018ರ ಜೂನ್‌ನಲ್ಲಿ, ಅದೂ ಬೆಂಗಳೂರು ಒಂದೇ ನಗರದಲ್ಲಿ. ಚಾರ್ಜಿಂಗ್ ಕೇಂದ್ರಗಳನ್ನು ತಾನೇ ಸ್ಥಾಪಿಸಿಕೊಂಡು, ವಾಹನ ಕೆಟ್ಟರೆ ತನ್ನ ಕಾರ್ಖಾನೆಯವರೇ ಹೋಗಿ ನೋಡಬಹುದಾದಷ್ಟು ಹತ್ತಿರದಲ್ಲಿ ಮೊದಲ ಗ್ರಾಹಕರನ್ನು ಇಟ್ಟುಕೊಂಡಿತು. ಎರಡನೆಯ ನಗರವಾದ ಚೆನ್ನೈಗೆ ಹೋದದ್ದು ಮರುವರ್ಷ.

ಓಲಾ ಎಲೆಕ್ಟ್ರಿಕ್ ಆರಿಸಿಕೊಂಡ ದಾರಿ ಬೇರೆ. 2021ರ ಆಗಸ್ಟ್ 15ರಂದು ಸ್ಕೂಟರ್ ಲೋಕಾರ್ಪಣೆಯಾಯಿತು. ದೇಶದ ಎಲ್ಲೆಡೆಯಿಂದ ಬೇಡಿಕೆ ಸ್ವೀಕರಿಸಲಾಯಿತು. ಮೊದಲ ಗ್ರಾಹಕರಿಗೆ ವಾಹನ ದೊರೆತದ್ದು ಡಿಸೆಂಬರ್ 15ರಂದು. ಪ್ರಕಟಿಸಿದ ಕೆಲವು ಸೌಲಭ್ಯಗಳು ವಾಹನದೊಂದಿಗೆ ಬರಲಿಲ್ಲ. ತಂತ್ರಾಂಶದ ಮುಂದಿನ ಆವೃತ್ತಿಯ ಮೂಲಕ 2022ರ ಮಧ್ಯಭಾಗದಲ್ಲಿ ಬಂದವು. 2022ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಒಂದು ಸ್ಕೂಟರ್ ಹೊತ್ತಿ ಉರಿಯಿತು. ಮರುತಿಂಗಳು ಕಂಪನಿ 1,441 ಸ್ಕೂಟರ್‌ಗಳನ್ನು ಪರಿಶೀಲನೆಗಾಗಿ ಹಿಂದಕ್ಕೆ ಕರೆಸಿಕೊಂಡಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10,644 ದೂರುಗಳ ಸಂಬಂಧ ನೋಟಿಸ್ ನೀಡಿತು. ಅವುಗಳಲ್ಲಿ ಶೇ 99.1ರಷ್ಟನ್ನು ಪರಿಹರಿಸಿರುವುದಾಗಿ ಕಂಪನಿ ಉತ್ತರಿಸಿತು.

ಓಲಾ ಕೆಲವೇ ವರ್ಷಗಳಲ್ಲಿ ದೇಶದ ವಿದ್ಯುತ್ ಸ್ಕೂಟರ್ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತ್ತು ಎಂಬುದೂ ಸತ್ಯ. ಆದ್ದರಿಂದ ವೇಗದ ಬಿಡುಗಡೆ ಕಂಪನಿಗೆ ಲಾಭ ತಂದಿತೋ ನಷ್ಟ ತಂದಿತೋ ಎಂಬುದು ಚರ್ಚಾಸ್ಪದ. ಚರ್ಚೆಗೆ ಎಡೆಯಿಲ್ಲದ ಸಂಗತಿಯೆಂದರೆ, ಒಂದೇ ವಾಹನದಲ್ಲಿ ಎರಡು ಬಗೆಯ ದೋಷಗಳಿರುತ್ತವೆ ಎಂಬುದು. ಪರದೆಯ ಮೇಲೆ ನಕ್ಷೆ ಮೂಡದಿದ್ದರೆ ಅದನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು. ಬ್ಯಾಟರಿ, ಬ್ರೇಕ್, ಚಕ್ರದ ವಿಷಯದಲ್ಲಿ ಆ ಮಾತು ಸಲ್ಲದು. ತಂತ್ರಾಂಶದ ಲೋಕದ ಔದಾರ್ಯವನ್ನು ಯಂತ್ರದ ಯಾವ ಭಾಗಕ್ಕೆ ತೋರಬಹುದು, ಯಾವುದಕ್ಕೆ ತೋರಬಾರದು ಎಂದು ವಿಂಗಡಿಸುವುದೇ ಬಿಡುಗಡೆಯ ಮೊದಲ ಕೆಲಸ.

ಬೀಜ ಬಿಡುಗಡೆಯ ಹಳೆಯ ಕ್ರಮ

ಈ ವಿಂಗಡಣೆ ವಿಜಯಪುರಕ್ಕೆ ಹೊಸದೇನಲ್ಲ. ಆಗಿನ ಬಿಜಾಪುರದಲ್ಲಿ ಒಣ ಬೇಸಾಯ ಸಂಶೋಧನಾ ಕೇಂದ್ರ ಆರಂಭವಾದದ್ದು 1930ರ ದಶಕದಲ್ಲಿ. ಸೊಲ್ಲಾಪುರ, ರಾಯಚೂರು, ಹಗರಿ ಮುಂತಾದ ಕಡೆ ಸ್ಥಾಪಿತವಾದ ಕೇಂದ್ರಗಳೊಂದಿಗೆ ಇದೂ ಒಂದು. ಮಳೆ ಕಡಿಮೆಯಾದ ಕಪ್ಪು ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಹೇಗೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇಂಥ ಕೇಂದ್ರಗಳ ಕೆಲಸವಾಗಿತ್ತು. ಇಂದಿಗೂ ಹೊಸ ತಳಿಯೊಂದನ್ನು ಹೊರತರುವಾಗ ಕೃಷಿ ವಿಜ್ಞಾನಿಗಳು ಬಳಸುವ ಪದ 'ಬಿಡುಗಡೆ'ಯೇ.

ಆ ಬಿಡುಗಡೆಗೆ ಮೆಟ್ಟಿಲುಗಳಿವೆ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದ ತಳಿ ಬೇರೆ ಬೇರೆ ಸ್ಥಳಗಳಲ್ಲಿ, ಹಲವು ಹಂಗಾಮುಗಳಲ್ಲಿ ಪ್ರಯೋಗಕ್ಕೆ ಒಳಗಾಗಬೇಕು. ಪಕ್ಕದ ಸಾಲಿನಲ್ಲಿ ರೈತ ಈಗಾಗಲೇ ಬಿತ್ತುತ್ತಿರುವ ಹಳೆಯ ತಳಿ ಇರಲೇಬೇಕು. ಹೊಸದು ಅದನ್ನು ಮೀರಿಸಬೇಕು. ಆಮೇಲೆ ರೈತರ ಹೊಲದಲ್ಲಿ ಸಣ್ಣ ತಾಕುಗಳ ಪ್ರಯೋಗ. ನಂತರವೇ ಬಿಡುಗಡೆ ಸಮಿತಿಯ ಒಪ್ಪಿಗೆ, 1966ರ ಬೀಜ ಕಾಯ್ದೆಯಡಿ ಅಧಿಸೂಚನೆ. ಈ ಕ್ರಮ ವರ್ಷಗಟ್ಟಲೆ ಹಿಡಿಯುತ್ತದೆ ಎಂಬ ಆಕ್ಷೇಪ ಸಹಜ. ಆದರೆ ಬೀಜ ಮೊಳೆಯದಿದ್ದರೆ ರೈತನಿಗೆ ಆ ಹಂಗಾಮು ಮರಳಿ ಬಾರದು ಎಂಬ ಅರಿವಿನಿಂದ ಹುಟ್ಟಿದ ನಿಧಾನವಿದು.

ಮೆಟ್ಟಿಲುಗಳಿದ್ದೂ ಎಡವಿದ ಪ್ರಕರಣವಿದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ 'ಬಿಕಾನೇರಿ ನರ್ಮಾ' ಎಂಬ ಬಿಟಿ ಹತ್ತಿಯನ್ನು ರೂಪಿಸಿದ್ದವು. ಖಾಸಗಿ ಕಂಪನಿಗಳ ಹೈಬ್ರಿಡ್ ಬೀಜಕ್ಕೆ ಪರ್ಯಾಯವಾಗಿ, ರೈತ ತಾನೇ ಬೀಜ ಉಳಿಸಿಕೊಳ್ಳಬಹುದಾದ ಸಾರ್ವಜನಿಕ ತಳಿ ಎಂಬುದು ಅದರ ಹೆಗ್ಗಳಿಕೆ. 2008ರಲ್ಲಿ ಅನುಮತಿ ದೊರೆತು 2009ರ ಹಂಗಾಮಿನಲ್ಲಿ ರೈತರ ಕೈಸೇರಿತು. ಅದರಲ್ಲಿ ಮಾನ್ಸಾಂಟೊ ಕಂಪನಿಯ ವಂಶವಾಹಿ ಬೆರೆತಿರುವುದು ಪತ್ತೆಯಾಗಿ ಬೀಜೋತ್ಪಾದನೆ ನಿಂತಿತು, ಎಸ್.ಕೆ. ಸೋಪೋರಿ ನೇತೃತ್ವದ ಸಮಿತಿ ತನಿಖೆ ನಡೆಸಬೇಕಾಯಿತು. ಉದ್ದೇಶ ಎಷ್ಟೇ ಘನವಾಗಿರಲಿ, ಕೊನೆಯ ಪರೀಕ್ಷೆಯಲ್ಲಿ ನುಸುಳಿದ ದೋಷ ಇಡೀ ಪ್ರಯತ್ನದ ವಿಶ್ವಾಸಾರ್ಹತೆಯನ್ನೇ ಕಸಿದುಕೊಂಡಿತು. ತಂತ್ರಾಂಶದಂತೆ ಬೀಜವನ್ನು ರಾತ್ರೋರಾತ್ರಿ ತಿದ್ದಲಾಗದು.

ತೋಟಕ್ಕೆ ಬಂದ ಮೊದಲ ಆವೃತ್ತಿ

ಈ ಹಿನ್ನೆಲೆಯಲ್ಲಿ ತಿಕೋಟಾದ ತೋಟವೊಂದಕ್ಕೆ ರೋಗ ಮುನ್ಸೂಚನೆಯ ಯಂತ್ರ ಬಂದಿದೆ ಎಂದು ಭಾವಿಸಿ ನೋಡಬಹುದು. ಎಲೆಯ ಮೇಲಿನ ತೇವ, ಉಷ್ಣಾಂಶ, ಗಾಳಿಯ ಆರ್ದ್ರತೆ ಅಳೆದು ದಾವಣಿ ರೋಗ ಯಾವಾಗ ಬಂದೀತು, ಯಾವ ದಿನ ಔಷಧ ಸಿಂಪಡಿಸಬೇಕು ಎಂದು ಅದು ಫೋನಿಗೆ ತಿಳಿಸುತ್ತದೆ. ಯಂತ್ರ ಹತ್ತು ಸಲ ಅನಗತ್ಯವಾಗಿ ಎಚ್ಚರಿಸಿದರೆ ಹೆಚ್ಚುವರಿ ಸಿಂಪಡಣೆಯ ಖರ್ಚು. ಒಂದೇ ಒಂದು ಸಲ ಎಚ್ಚರಿಸಬೇಕಾದಾಗ ಸುಮ್ಮನಿದ್ದರೆ ಹೋಗುವುದು ಫಸಲು. 'ಶೇ 90ರಷ್ಟು ನಿಖರ' ಎಂಬ ಜಾಹೀರಾತು ಈ ಎರಡು ತಪ್ಪುಗಳ ನಡುವಿನ ಅಂತರವನ್ನು ಮುಚ್ಚಿಡುತ್ತದೆ. ಉಳಿದ ಹತ್ತು ಯಾವ ಬಗೆಯವು ಎಂಬುದನ್ನು ತಿಳಿಯದೆ ಯಂತ್ರ ಸಿದ್ಧವೆಂದು ಹೇಳಲಾಗದು.

ಹಾಗೆಂದು ಹತ್ತು ವರ್ಷ ಪ್ರಯೋಗಾಲಯದಲ್ಲೇ ಇಟ್ಟುಕೊಳ್ಳಬೇಕೆಂದೂ ಅಲ್ಲ. ಮೊದಲ ಹಂಗಾಮಿನಲ್ಲಿ ಯಂತ್ರ ಹೇಳಿದ್ದನ್ನು ಬರೆದಿಟ್ಟುಕೊಂಡು, ಸಿಂಪಡಣೆಯನ್ನು ಮಾತ್ರ ರೈತನ ರೂಢಿಯಂತೆಯೇ ನಡೆಸಬಹುದು. ಆಗ ತಪ್ಪಿದರೂ ನಷ್ಟ ಕಾಗದದ ಮೇಲೆ. ಎರಡನೆಯ ಹಂಗಾಮಿನಲ್ಲಿ ತೋಟದ ಕೆಲವು ಸಾಲುಗಳನ್ನಷ್ಟೇ ಯಂತ್ರದ ಮಾತಿಗೆ ಒಪ್ಪಿಸಬಹುದು. ಮೂರನೆಯ ಹಂಗಾಮಿನಲ್ಲಿ ಇಡೀ ತೋಟ. ಅಕ್ಟೋಬರ್ ಚಾಟ್ನಿಗೆ ಮೊದಲು ಯಂತ್ರ ಕೈಗೆ ಬಾರದಿದ್ದರೆ ಡಿಸೆಂಬರ್‌ನಲ್ಲಿ ಅವಸರದಿಂದ ನಿಲ್ಲಿಸಬಾರದು. ಆ ವರ್ಷ ತಪ್ಪಿತೆಂದೇ ತಿಳಿಯಬೇಕು. ಪುಣೆ ಬಳಿಯ ಮಾಂಜ್ರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಂಥ ಸಂಸ್ಥೆಯ ಮೌಲ್ಯಮಾಪನ ಜೊತೆಗಿದ್ದರೆ ಬೆಳೆಗಾರನ ಧೈರ್ಯ ಹೆಚ್ಚುತ್ತದೆ.

ಒಣದ್ರಾಕ್ಷಿಯಲ್ಲಿ ಅವಕಾಶದ ಕಿಂಡಿ ಇನ್ನೂ ಚಿಕ್ಕದು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿದ ದ್ರಾಕ್ಷಿ ಶೆಡ್ಡಿನ ಬಲೆಗಳ ಮೇಲೆ ಒಣಗಲು ಎರಡು ವಾರಗಳ ಆಸುಪಾಸು ಬೇಕು. ಸುಮಾರು 4 ಕೆ.ಜಿ. ಹಣ್ಣಿಗೆ 1 ಕೆ.ಜಿ. ಒಣದ್ರಾಕ್ಷಿ. ಅಷ್ಟರಲ್ಲಿ ಮಳೆಯೋ ಮೋಡವೋ ಬಂದರೆ ಬಣ್ಣ ಕಪ್ಪಾಗಿ ದರ ಕುಸಿಯುತ್ತದೆ. ಹೊಸ ಒಣಗಿಸುವ ಯಂತ್ರವೊಂದನ್ನು ಇಲ್ಲಿ ಪರೀಕ್ಷಿಸುವವರು ಇಡೀ ಶೆಡ್ಡಿನ ಮಾಲನ್ನು ಅದಕ್ಕೆ ಸುರಿಯಲು ಹೇಳಬಾರದು. ಒಂದೆರಡು ಕ್ರೇಟ್ ಹಣ್ಣಿಗೆ ಹೇಳಬಹುದು. ಆ ಹಣ್ಣಿನ ಬೆಲೆಯನ್ನು ಮುಂಚಿತವಾಗಿ ತಾವೇ ತೆತ್ತರೆ ಇನ್ನೂ ಒಳಿತು. ಪ್ರಯೋಗದ ನಷ್ಟ ಪ್ರಯೋಗ ಮಾಡುವವನದ್ದಾದಾಗ ವಸ್ತು ಬೇಗ ಸುಧಾರಿಸುತ್ತದೆ.

ಕೆರೆ ಮೊದಲು, ಹೊಲಗಾಲುವೆ ಆಮೇಲೆ

ಅಪೂರ್ಣವಾದುದನ್ನು ಸಕಾಲದಲ್ಲಿ ಬಳಕೆಗೆ ಬಿಟ್ಟು ಗೆದ್ದ ನಿದರ್ಶನವೂ ಇದೇ ನೆಲದಲ್ಲಿದೆ. ಜಮಖಂಡಿ ತಾಲ್ಲೂಕಿನ ಕವಟಗಿ ಬಳಿ ಕೃಷ್ಣೆಯ ನೀರನ್ನೆತ್ತಿ ತಿಕೋಟಾ, ಬಬಲೇಶ್ವರ ಭಾಗದ ಎತ್ತರದ ಭೂಮಿಗೆ ತರುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಅಂತಿಮ ಗುರಿ ಹೊಲಹೊಲಕ್ಕೆ ಕಾಲುವೆ ನೀರು. ಆದರೆ ಕೊನೆಯ ಹೊಲಗಾಲುವೆಯವರೆಗೆ ಕಾಯದೆ, ಮುಖ್ಯ ಕೊಳವೆ ಮತ್ತು ಕಾಲುವೆಗಳ ಮೂಲಕ ಮೊದಲು ಕೆರೆಗಳನ್ನು ತುಂಬಿಸಲಾಯಿತು. ಕೆರೆ ತುಂಬಿದಲ್ಲಿ ಸುತ್ತಲಿನ ಬಾವಿ, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಬರಗಾಲದ ವರ್ಷಗಳಲ್ಲಿ ಟ್ಯಾಂಕರ್ ನೀರು ತಂದು ಬಳ್ಳಿ ಉಳಿಸಿಕೊಂಡಿದ್ದ ಬೆಳೆಗಾರರಿಗೆ ಹನಿ ನೀರಾವರಿಗೆ ಅದೇ ಆಸರೆಯಾಯಿತು.

ಇದು ಯೋಜನೆಯ ಚಿಕ್ಕ ಆವೃತ್ತಿ. ಆದರೆ ತನ್ನಷ್ಟಕ್ಕೆ ತಾನು ಪೂರ್ಣ: ಕೆರೆಯ ನೀರು ಬಾವಿಗೆ, ಬಾವಿಯ ನೀರು ಬಳ್ಳಿಗೆ. ಶೇಕಡಾವಾರು ಲೆಕ್ಕದಲ್ಲಿ ಕಾಮಗಾರಿ ಅರೆಬರೆಯಾಗಿದ್ದರೂ ಒಬ್ಬ ಬಳಕೆದಾರನ ಒಂದು ಅಗತ್ಯ ಆದಿಯಿಂದ ಅಂತ್ಯದವರೆಗೆ ಪೂರೈಸಿತು. ಮುಖ್ಯ ಕಾಲುವೆಯನ್ನಷ್ಟೇ ಅರ್ಧ ದಾರಿ ತೋಡಿ ಉದ್ಘಾಟಿಸಿದ್ದರೆ ಕಾಗದದ ಮೇಲೆ ಅದೂ ಅಷ್ಟೇ ಶೇಕಡಾ ಪ್ರಗತಿ ತೋರಿಸುತ್ತಿತ್ತು, ಯಾರ ಬಳ್ಳಿಗೂ ನೀರು ಮುಟ್ಟುತ್ತಿರಲಿಲ್ಲ. ಉತ್ಪನ್ನದ ಮೊದಲ ಆವೃತ್ತಿಯಲ್ಲಿ ಹತ್ತು ಸೌಲಭ್ಯಗಳನ್ನು ಅರ್ಧರ್ಧ ಇಡುವುದಕ್ಕಿಂತ ಒಂದನ್ನು ಪೂರ್ತಿ ಇಡುವುದು ಲೇಸು ಎಂಬ ತತ್ವಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ.

ಹಳೆಯ ಬಾಗಿಲು ಮುಚ್ಚುವ ಹೊತ್ತು

ಸರ್ಕಾರದ ಸೇವೆಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕಂಪನಿಯ ವಸ್ತು ಹಿಡಿಸದಿದ್ದರೆ ಗ್ರಾಹಕ ಬೇರೆ ಅಂಗಡಿಗೆ ಹೋಗುತ್ತಾನೆ. ಸರ್ಕಾರದ ತಂತ್ರಾಂಶ ಕೈಕೊಟ್ಟರೆ ನಾಗರಿಕನಿಗೆ ಹೋಗಲು ಬೇರೆ ಅಂಗಡಿಯಿಲ್ಲ. ಆದ್ದರಿಂದ ಹೊಸದನ್ನು ಯಾವಾಗ ತೆರೆಯಬೇಕು ಎಂಬುದಕ್ಕಿಂತ ಹಳೆಯದನ್ನು ಯಾವಾಗ ಮುಚ್ಚಬೇಕು ಎಂಬ ನಿರ್ಧಾರ ಇಲ್ಲಿ ಹೆಚ್ಚು ತೂಕದ್ದು.

ಪಹಣಿ ಗಣಕೀಕರಣದ 'ಭೂಮಿ' ಯೋಜನೆ ಇದನ್ನು ಒಂದು ಕ್ರಮದಲ್ಲಿ ನಿಭಾಯಿಸಿತು. ಮಂಡ್ಯ ಜಿಲ್ಲೆಯ ಮದ್ದೂರಿನಿಂದ ಆರಂಭಿಸಿ, ಆಯ್ದ ತಾಲ್ಲೂಕುಗಳಲ್ಲಿ ಪ್ರಯೋಗ ನಡೆಸಿ, ನಂತರ ಆಗಿದ್ದ 177 ತಾಲ್ಲೂಕುಗಳಿಗೂ ಅದನ್ನು ವಿಸ್ತರಿಸಲಾಯಿತು. 15 ರೂಪಾಯಿಗೆ ಪಹಣಿ ನೀಡುವ ಕೇಂದ್ರ ತೆರೆದು, ದಾಖಲೆಗಳು ತಾಳೆಯಾದ ಮೇಲೆ ಆಯಾ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ಹಳೆಯ ಬಾಗಿಲು ತಾಲ್ಲೂಕಿಗೊಂದರಂತೆ ಮುಚ್ಚಿತು. ಲೋಪಗಳಿರಲಿಲ್ಲವೆಂದಲ್ಲ, ಕೈಬರಹದಲ್ಲಿದ್ದ ತಪ್ಪುಗಳು ಗಣಕಯಂತ್ರಕ್ಕೂ ಹರಿದುಬಂದು ತಿದ್ದುಪಡಿಗೆ ಅಲೆಯಬೇಕಾದ ರೈತರಿದ್ದರು. ಆದರೆ ಒಂದು ತಾಲ್ಲೂಕಿನ ತೊಡಕು ಇಡೀ ರಾಜ್ಯದ ತೊಡಕಾಗಲಿಲ್ಲ.

2023ರಲ್ಲಿ ನೋಂದಣಿ ಇಲಾಖೆಯ 'ಕಾವೇರಿ 2.0' ಕೂಡ ಚಿಂಚೋಳಿಯಂಥ ಕಚೇರಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ಹಂತ ಹಂತವಾಗಿ ಹರಡಿತು. ಇ-ಖಾತಾ ವಿಷಯದಲ್ಲಿ ವೇಗ ಬೇರೆಯಾಯಿತು. ನಗರ ಪ್ರದೇಶಗಳ ಆಸ್ತಿ ನೋಂದಣಿಗೆ 2024ರ ಅಕ್ಟೋಬರ್ 7ರಿಂದ ಇ-ಖಾತಾ ಕಡ್ಡಾಯವಾದಾಗ ಬಹಳಷ್ಟು ಆಸ್ತಿಗಳಿಗೆ ಅದು ಸಿದ್ಧವಾಗಿರಲಿಲ್ಲ. ಮಗಳ ಮದುವೆಗೋ ಚಿಕಿತ್ಸೆಗೋ ನಿವೇಶನ ಮಾರಬೇಕಾದವರು ನಗರಸಭೆ, ಪಾಲಿಕೆಗಳ ಮುಂದೆ ಸಾಲು ನಿಲ್ಲಬೇಕಾಯಿತು. ನಕಲಿ ದಾಖಲೆಯ ವಂಚನೆ ತಡೆಯುವ ಉದ್ದೇಶ ಸರಿಯಾದುದೇ. ಆದರೆ ಹೊಸ ಬಾಗಿಲಿನಲ್ಲಿ ಎಲ್ಲರೂ ನುಗ್ಗುವಷ್ಟು ಜಾಗವಾಗುವ ಮೊದಲೇ ಹಳೆಯ ಬಾಗಿಲು ಮುಚ್ಚಿತ್ತು. 2025ರ ಆರಂಭದಲ್ಲಿ ಕಾವೇರಿ ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು ಸೇವೆ ಕುಂಠಿತವಾದಾಗ, ಒಂದೇ ಬಾಗಿಲನ್ನು ನೆಚ್ಚಿಕೊಂಡ ವ್ಯವಸ್ಥೆಯ ಅಪಾಯ ಮತ್ತೊಮ್ಮೆ ಕಣ್ಣಿಗೆ ಬಿತ್ತು.

ಇದಕ್ಕೆ ಹೋಲಿಸಿದರೆ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪ್ ಹೆಚ್ಚು ಎಚ್ಚರದಿಂದ ರೂಪುಗೊಂಡಿತು. 2020ರಲ್ಲಿ ಅದು ರೈತರ ಕೈಗೆ ಬಂದಾಗ ಫೋನ್ ಬಳಸಲಾಗದವರ ಹೊಲಕ್ಕೆ ಗ್ರಾಮದ ಖಾಸಗಿ ನಿವಾಸಿಗಳು ಹೋಗಿ ದಾಖಲಿಸುವ ವ್ಯವಸ್ಥೆ ಮುಂದುವರಿಯಿತು. ದಾಖಲಾದ ಬೆಳೆ ತಪ್ಪಾಗಿದ್ದರೆ 'ಬೆಳೆ ದರ್ಶಕ್' ಮೂಲಕ ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಬೆಳೆ ವಿಮೆ, ಬೆಂಬಲ ಬೆಲೆ, ಪರಿಹಾರ ಎಲ್ಲವೂ ಆ ಒಂದು ದಾಖಲೆಯನ್ನು ಅವಲಂಬಿಸಿರುವಾಗ, ಆಕ್ಷೇಪಣೆಯ ಕಿಂಡಿಯೂ ಉತ್ಪನ್ನದ ಮೊದಲ ಆವೃತ್ತಿಯಲ್ಲೇ ಇರಬೇಕಾದ ಭಾಗ. ಅದನ್ನು ಎರಡನೆಯ ಆವೃತ್ತಿಗೆ ಮುಂದೂಡುವಂತಿಲ್ಲ.

ಉದ್ಘಾಟನೆ ಬೇರೆ, ಬಿಡುಗಡೆ ಬೇರೆ

ಕಾಯಲೇಬೇಕಾದ ಸಂದರ್ಭಕ್ಕೆ ವಿಜಯಪುರ ನಗರದ ಹೊರವಲಯದ ಬುರಣಾಪುರದ ವಿಮಾನ ನಿಲ್ದಾಣ ಸಾಕ್ಷಿ. 2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾದಾಗ ಎಟಿಆರ್-72 ಮಾದರಿಯ ಚಿಕ್ಕ ವಿಮಾನಗಳು ಇಳಿಯುವ ನಿಲ್ದಾಣ ಎಂಬುದು ಮೊದಲ ಆವೃತ್ತಿಯ ವ್ಯಾಖ್ಯೆಯಾಗಿತ್ತು. ಕಾಮಗಾರಿಯ ನಡುವೆ ಏರ್‌ಬಸ್-320 ವಿಮಾನ ಇಳಿಯುವಂತೆ ವಿಸ್ತರಿಸಲು ನಿರ್ಧರಿಸಲಾಯಿತು. ದೂರದೃಷ್ಟಿಯ ನಿರ್ಧಾರವೆಂದು ಸಮರ್ಥಿಸಬಹುದು. ಮೊದಲ ಆವೃತ್ತಿಯ ವ್ಯಾಖ್ಯೆಯನ್ನು ಮಧ್ಯದಲ್ಲಿ ಬದಲಿಸಿದಾಗ ವೆಚ್ಚವೂ ಅವಧಿಯೂ ಬೆಳೆಯುತ್ತವೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಅದರ ಮೇಲೆ ಪರಿಸರ ಅನುಮತಿಯ ತೊಡಕು ಎದುರಾಯಿತು. ಕಾಮಗಾರಿ ಆರಂಭವಾದ ನಂತರ ನೀಡುವ ಪರಿಸರ ಅನುಮತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ 16ರಂದು ತಳ್ಳಿಹಾಕಿತು. ಅದೇ ವರ್ಷ ನವೆಂಬರ್ 18ರಂದು 2:1 ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ಈ ಅವಧಿಯಲ್ಲಿ ಸಿದ್ಧವಾದ ಕಟ್ಟಡ ಕಂಡ ಜನರಲ್ಲಿ ಅಸಹನೆ ಮೂಡಿದ್ದು ಸಹಜ. ಆದರೆ ಅನುಮತಿ, ಸುರಕ್ಷತಾ ಪರವಾನಗಿಗಳಿಲ್ಲದೆ ವಿಮಾನ ಇಳಿಸುವ ಪ್ರಯೋಗಕ್ಕೆ ಎಡೆಯಿಲ್ಲ.

ಶಿವಮೊಗ್ಗದ ಅನುಭವ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿನ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿದದ್ದು ಆಗಸ್ಟ್ 31ರಂದು. ರಾತ್ರಿ ಇಳಿಯುವ ಸೌಲಭ್ಯ ಆರಂಭದಲ್ಲಿ ಇರಲಿಲ್ಲ. ಹಗಲು ಮಾತ್ರ ನಡೆಯುವ ಸೇವೆ ಎಂಬುದನ್ನು ಒಪ್ಪಿಕೊಂಡು ಆರಂಭಿಸಿದ್ದರಲ್ಲಿ ತಪ್ಪಿಲ್ಲ. ಅದು ಚಿಕ್ಕದಾದರೂ ಪೂರ್ಣ ಸೇವೆ. ಫೆಬ್ರುವರಿಯ ಸಮಾರಂಭವನ್ನು ಬಿಡುಗಡೆಯೆಂದು ಎಣಿಸಿದ ಪ್ರಯಾಣಿಕ ಮಾತ್ರ ಆರು ತಿಂಗಳು ಕಾದ. ರಿಬ್ಬನ್ ಕತ್ತರಿಸುವ ದಿನ ಆಳುವವರ ದಿನ. ಟಿಕೆಟ್ ದೊರೆಯುವ ದಿನ ಬಳಕೆದಾರನ ದಿನ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಈ ಎಲ್ಲ ನಿದರ್ಶನಗಳಿಂದ ಹೊರಡುವ ಅಳತೆಗೋಲು ಕಷ್ಟದ್ದೇನಲ್ಲ. ಮೊದಲ ಆವೃತ್ತಿ ಒಬ್ಬನ ಒಂದು ಕೆಲಸವನ್ನಾದರೂ ಪೂರ್ತಿ ಮಾಡುತ್ತದೆಯೇ? ಕೈಕೊಟ್ಟರೆ ಅವನು ಹಿಂದಿನ ಸ್ಥಿತಿಗೆ ಮರಳಲು ದಾರಿಯಿದೆಯೇ, ಆ ದಾರಿಯ ಖರ್ಚು ಯಾರದು? ಏನು ಇನ್ನೂ ಸಿದ್ಧವಾಗಿಲ್ಲ ಎಂಬುದನ್ನು ಅವನಿಗೆ ಅವನ ಭಾಷೆಯಲ್ಲಿ ಮುಂಚಿತವಾಗಿ ತಿಳಿಸಲಾಗಿದೆಯೇ? ಮೂರಕ್ಕೂ ಸಮಾಧಾನಕರ ಉತ್ತರವಿದ್ದರೆ ಶೇ 40ರಷ್ಟು ಕೆಲಸವಾಗಿದ್ದರೂ ಬಿಡುಗಡೆ ಮಾಡಬಹುದು. ಇಲ್ಲದಿದ್ದರೆ ಶೇ 95 ಮುಗಿದಿದ್ದರೂ ತಡೆಹಿಡಿಯಬೇಕು.

ಬೆಳೆ, ಜೀವ, ಆಸ್ತಿ ಈ ಮೂರಕ್ಕೆ ಸಂಬಂಧಿಸಿದ ಯಾವುದೇ ಉತ್ಪನ್ನದಲ್ಲಿ ಎರಡನೆಯ ಪ್ರಶ್ನೆಗೆ ಲಿಖಿತ ಉತ್ತರ ಕಡ್ಡಾಯವಾಗಬೇಕು. ಕೃಷಿ ಯಂತ್ರ, ಆ್ಯಪ್‌ಗಳಿಗೆ ಸಹಾಯಧನ ನೀಡುವ ಇಲಾಖೆಗಳು ಕನಿಷ್ಠ ಒಂದು ಪೂರ್ಣ ಹಂಗಾಮಿನ ಸ್ಥಳೀಯ ಪ್ರಯೋಗದ ವರದಿಯನ್ನು, ತಪ್ಪಿದ ಎಚ್ಚರಿಕೆಗಳ ಲೆಕ್ಕ ಸಹಿತ, ಕೇಳಬಹುದು. ಬೀಜಕ್ಕೆ ದಶಕಗಳಿಂದ ಅನ್ವಯಿಸುತ್ತಿರುವ ನಿಯಮ ಬೀಜದ ಮೇಲೆ ಕಣ್ಣಿಡುವ ಯಂತ್ರಕ್ಕೆ ಅನ್ವಯಿಸದಿರಲು ಕಾರಣವಿಲ್ಲ. ಸರ್ಕಾರ ತನ್ನದೇ ತಂತ್ರಾಂಶಗಳ ವಿಷಯದಲ್ಲಿ ಹಳೆಯ ವ್ಯವಸ್ಥೆ ಮುಚ್ಚುವ ದಿನಾಂಕವನ್ನು ಹೊಸದರ ಸಾಧನೆ ನೋಡಿ, ತಾಲ್ಲೂಕುವಾರು ನಿಗದಿಪಡಿಸಬಹುದು. ತಿಕೋಟಾ, ಬಬಲೇಶ್ವರದಂತೆ 2018ರಲ್ಲಿ ಹೊಸದಾಗಿ ರೂಪುಗೊಂಡ ತಾಲ್ಲೂಕುಗಳು ಇಂಥ ಪ್ರಯೋಗಕ್ಕೆ ಸೂಕ್ತ ಗಾತ್ರದವು; ಇಲ್ಲಿ ಗೆದ್ದದ್ದು ಬೇರೆಡೆ ಸೋಲುವ ಸಂಭವ ಕಡಿಮೆ.

ಮುಂದಿನ ಅಕ್ಟೋಬರ್‌ನಲ್ಲಿ ಚಾಟ್ನಿ ಆರಂಭವಾಗುವ ಹೊತ್ತಿಗೆ ಹೊಸ ಯಂತ್ರಗಳು, ಹೊಸ ಆ್ಯಪ್‌ಗಳು ತೋಟದ ಬೇಲಿಯ ಬಳಿ ಬಂದು ನಿಲ್ಲುವುದು ಖಚಿತ. ಅವುಗಳನ್ನು ಮಾರಲು ಬಂದವರ ಮುಂದೆ ಬೆಳೆಗಾರ ಇಡಬಹುದಾದ ಪ್ರಶ್ನೆ ಒಂದೇ ಇದ್ದರೂ ಸಾಕು: ಇದು ಈ ವರ್ಷ ತಪ್ಪಿದರೆ ನನ್ನ ಫಸಲಿನ ಲೆಕ್ಕ ಯಾರ ಖಾತೆಗೆ? ಇದಕ್ಕೆ ನೇರ ಉತ್ತರ ಕೊಡಬಲ್ಲವರ ಉತ್ಪನ್ನ ಸಿದ್ಧವಾಗಿದೆ. ತಡವರಿಸುವವರಿಗೆ ಇನ್ನೊಂದು ಹಂಗಾಮು ಕಾಯಲು ಹೇಳಬಹುದು.